ಎದುರಾಳಿಯಿಲ್ಲದೆ ನಡೆಯದ ಉದ್ಯಮ: ಕ್ರೀಡೆಯ ಅರ್ಥಶಾಸ್ತ್ರ ಕುರಿತು ಹೊಸಬರ ಪ್ರಶ್ನೆಗಳು

ಹೊಸಹೆಜ್ಜೆ:

ಆಟಗಳನ್ನು ಬಹುಕಾಲದಿಂದ ನೋಡುತ್ತಾ ಬಂದಿದ್ದೇನೆ. ಅರ್ಥಶಾಸ್ತ್ರವನ್ನು ಈಚೆಗಷ್ಟೇ ಓದತೊಡಗಿದ್ದೇನೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಕೆಲವು ಸಂಗತಿಗಳು ತಾಳೆಯಾಗುತ್ತಿಲ್ಲ. ಯಾವುದೇ ಉದ್ಯಮದಲ್ಲಿ ಒಂದು ಸಂಸ್ಥೆ ತನ್ನ ಪ್ರತಿಸ್ಪರ್ಧಿಯ ಗ್ರಾಹಕರನ್ನು ಸೆಳೆದುಕೊಂಡು, ಸಾಧ್ಯವಾದರೆ ಅದನ್ನು ಮಾರುಕಟ್ಟೆಯಿಂದಲೇ ಹೊರದಬ್ಬಲು ನೋಡುತ್ತದೆ ಎಂದು ಪಠ್ಯಗಳು ಹೇಳುತ್ತವೆ. ಆದರೆ ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು ರಾಷ್ಟ್ರೀಯ ಟಿವಿ ಆದಾಯವನ್ನು ಸಮನಾಗಿ ಹಂಚಿಕೊಳ್ಳುತ್ತವೆ; ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನಕ್ಕೆ ಕುಸಿದ ತಂಡಕ್ಕೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಮೊದಲ ಅವಕಾಶ ಸಿಗುತ್ತದೆ; ಸಂಬಳಕ್ಕೆ ಒಟ್ಟು ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಎಲ್ಲರೂ ಒಪ್ಪಿದ ಮಿತಿಯಿದೆ. ಬೇರೆ ಉದ್ಯಮದಲ್ಲಿ ಮಾಲೀಕರೆಲ್ಲ ಸೇರಿ ನೌಕರರ ಸಂಬಳಕ್ಕೆ ಹೀಗೆ ಮಿತಿ ಹಾಕಿದರೆ ಅದನ್ನು ಕೂಟ (ಕಾರ್ಟೆಲ್) ಎಂದು ಕರೆದು ನ್ಯಾಯಾಲಯಕ್ಕೆ ಎಳೆಯುತ್ತಾರಲ್ಲವೇ? ಕ್ರೀಡೆಯಲ್ಲಿ ಇದು ಏಕೆ ಸಹಜವೆನಿಸುತ್ತದೆ? ಈ ವಿಷಯವನ್ನು ಎಲ್ಲಿಂದ ಹಿಡಿದು ಓದಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ತಕ್ಕಡಿ:

ನೀವು ಹಿಡಿದಿರುವ ಎಳೆ ಸರಿಯಾದದ್ದೇ. ಕ್ರೀಡೆಯ ಅರ್ಥಶಾಸ್ತ್ರ ಒಂದು ಅಧ್ಯಯನ ವಿಷಯವಾಗಿ ಬೆಳೆದದ್ದೇ ಈ ಪ್ರಶ್ನೆಯಿಂದ. 1956ರಲ್ಲಿ ಅರ್ಥಶಾಸ್ತ್ರಜ್ಞ ಸೈಮನ್ ರಾಟೆನ್‌ಬರ್ಗ್ ಬೇಸ್‌ಬಾಲ್ ಆಟಗಾರರ ಕಾರ್ಮಿಕ ಮಾರುಕಟ್ಟೆಯ ಬಗ್ಗೆ ಬರೆದ ಲೇಖನ, 1964ರಲ್ಲಿ ವಾಲ್ಟರ್ ನೀಲ್ ವೃತ್ತಿಪರ ಕ್ರೀಡೆಯ ವಿಚಿತ್ರ ಅರ್ಥವ್ಯವಸ್ಥೆಯ ಬಗ್ಗೆ ಬರೆದ ಲೇಖನ, ಇವೆರಡನ್ನು ಈ ಶಾಖೆಯ ತಳಪಾಯ ಎನ್ನಬಹುದು.

ನೀಲ್ ಎತ್ತಿಕೊಂಡ ಉದಾಹರಣೆ ಬಾಕ್ಸಿಂಗ್‌ನದು. ಹೆವಿವೇಟ್ ಬಾಕ್ಸರ್ ಜೋ ಲೂಯಿಸ್‌ಗೆ 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಸೋಲುಣಿಸಿದ್ದರು. ಆ ಸೋಲು ಇದ್ದುದರಿಂದಲೇ 1938ರ ಮರುಪಂದ್ಯ ನ್ಯೂಯಾರ್ಕ್‌ನ ಯಾಂಕಿ ಸ್ಟೇಡಿಯಂ ತುಂಬುವಷ್ಟು ಜನರನ್ನು ಸೆಳೆಯಿತು. ಶ್ಮೆಲಿಂಗ್‌ನಂತಹ ಬಲವಾದ ಎದುರಾಳಿ ಇರದಿದ್ದರೆ ಲೂಯಿಸ್ ಎಷ್ಟೇ ಶ್ರೇಷ್ಠ ಬಾಕ್ಸರ್ ಆಗಿದ್ದರೂ ಅವರ ಗಳಿಕೆ ಕಡಿಮೆಯೇ ಆಗುತ್ತಿತ್ತು. ಒಂದೇ ಕೈಯಲ್ಲಿ ಚಪ್ಪಾಳೆ ಹೊಡೆಯಲಾಗದು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಪಂದ್ಯ ಎನ್ನುವ ಸರಕನ್ನು ಒಂದು ತಂಡ ತಾನೊಂದೇ ತಯಾರಿಸಲಾರದು. ಎದುರಾಳಿಯೂ ಆ ತಯಾರಿಕೆಯಲ್ಲಿ ಪಾಲುದಾರ. ಲೀಗ್ ಎನ್ನುವ ಸರಕಿಗಂತೂ ಹತ್ತಾರು ತಂಡಗಳು, ಒಂದೇ ನಿಯಮಾವಳಿ, ಒಂದೇ ವೇಳಾಪಟ್ಟಿ ಬೇಕು. ಮೈದಾನದೊಳಗೆ ಎದುರಾಳಿಗಳಾಗಿರುವವರು ಲೆಕ್ಕದ ಪುಸ್ತಕದಲ್ಲಿ ಸಹ-ಉತ್ಪಾದಕರಾಗಿರುತ್ತಾರೆ.

ಇದರ ಬೆನ್ನಿಗೇ ರಾಟೆನ್‌ಬರ್ಗ್ ಒತ್ತಿ ಹೇಳಿದ ಇನ್ನೊಂದು ವಿಚಾರ ಬರುತ್ತದೆ, ಅದು ಫಲಿತಾಂಶದ ಅನಿಶ್ಚಿತತೆ. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿರುವ ಪಂದ್ಯಕ್ಕೆ ಟಿಕೆಟ್ ಕೊಳ್ಳುವವರು ಕಡಿಮೆ. ಆದ್ದರಿಂದ ಒಂದು ತಂಡ ಉಳಿದವರನ್ನೆಲ್ಲ ನಿರ್ನಾಮ ಮಾಡಿದರೆ ತನ್ನ ಆದಾಯದ ಬೇರನ್ನೇ ಕಡಿದುಕೊಂಡಂತಾಗುತ್ತದೆ. ಎನ್‌ಎಫ್‌ಎಲ್ 1936ರಲ್ಲೇ ಡ್ರಾಫ್ಟ್ ಪದ್ಧತಿಯನ್ನು, ಅಂದರೆ ನೀವು ಹೇಳಿದ ಆ ಸರದಿಯ ಆಯ್ಕೆಯನ್ನು, ತಂದಿತು. ತಂಡಗಳೆಲ್ಲ ಸೇರಿ ಪ್ರಸಾರ ಹಕ್ಕನ್ನು ಒಟ್ಟಾಗಿ ಮಾರುವುದಕ್ಕೆ 1961ರಲ್ಲಿ ಅಮೆರಿಕದ ಸಂಸತ್ತು ವಿಶೇಷ ಕಾನೂನಿನ ಮೂಲಕ ಅನುಮತಿ ಕೊಟ್ಟಿತು. ಸಂಬಳದ ಕಟ್ಟುನಿಟ್ಟಿನ ಮಿತಿ 1994ರಲ್ಲಿ ಬಂದಿತು. ಸುಮಾರು ಒಂದು ಲಕ್ಷ ಜನಸಂಖ್ಯೆಯ ಗ್ರೀನ್ ಬೇ ಎಂಬ ಸಣ್ಣ ನಗರದ ತಂಡ ನ್ಯೂಯಾರ್ಕ್‌ನ ತಂಡಗಳೊಂದಿಗೆ ಸರಿಸಮವಾಗಿ ನಿಂತಿರುವುದಕ್ಕೆ ಈ ಏರ್ಪಾಡೇ ಮುಖ್ಯ ಕಾರಣ.

ಆದರೆ ಒಂದು ಎಚ್ಚರಿಕೆಯನ್ನು ಮೊದಲಿಗೇ ಹೇಳಿಬಿಡುತ್ತೇನೆ. "ಸಮತೋಲನಕ್ಕಾಗಿ" ಎಂದು ಮಾಲೀಕರು ಮುಂದಿಡುವ ಪ್ರತಿಯೊಂದು ನಿಯಮವೂ ಎರಡು ಕೆಲಸ ಮಾಡುತ್ತದೆ. ಅದು ಪಂದ್ಯವನ್ನು ರೋಚಕವಾಗಿಸಬಹುದು. ಅದೇ ಹೊತ್ತಿಗೆ ಆಟಗಾರರ ಕೈಸೇರಬೇಕಾದ ಹಣವನ್ನು ಮಾಲೀಕರ ಕಡೆಗೆ ತಿರುಗಿಸಲೂಬಹುದು. ಎರಡನ್ನೂ ಬೇರ್ಪಡಿಸಿ ನೋಡದೆ ಈ ವಿಷಯ ಅರ್ಥವಾಗುವುದಿಲ್ಲ.

ಗ್ಯಾಲರಿ:

ಅನಿಶ್ಚಿತತೆಯ ಸಿದ್ಧಾಂತ ಕೇಳಲು ಸೊಗಸಾಗಿದೆ, ಆದರೆ ವಾಸ್ತವ ಅದಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಜರ್ಮನಿಯ ಬುಂಡೆಸ್‌ಲಿಗಾದಲ್ಲಿ ಬಯರ್ನ್ ಮ್ಯೂನಿಕ್ 2013ರಿಂದ 2023ರವರೆಗೆ ಸತತ 11 ಬಾರಿ ಪ್ರಶಸ್ತಿ ಗೆದ್ದಿತು. ಸಿದ್ಧಾಂತದ ಪ್ರಕಾರ ಅಲ್ಲಿನ ಕ್ರೀಡಾಂಗಣಗಳು ಬಣಗುಟ್ಟಬೇಕಿತ್ತು. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಪ್ರೇಕ್ಷಕರನ್ನು ಸೆಳೆಯುವ ಫುಟ್‌ಬಾಲ್ ಲೀಗ್‌ಗಳಲ್ಲಿ ಅದು ಈಗಲೂ ಒಂದು. ಅಲ್ಲಿ ಕ್ಲಬ್ಬಿನ ಮತಾಧಿಕಾರದಲ್ಲಿ ಸದಸ್ಯರಿಗೇ ಬಹುಮತ ಇರಬೇಕೆಂಬ "50+1" ನಿಯಮವಿದೆ, ನಿಂತು ನೋಡುವ ಅಗ್ಗದ ಟಿಕೆಟ್‌ಗಳಿವೆ, ಅಭಿಮಾನಿಗಳಿಗೆ ತಮ್ಮ ಕ್ಲಬ್ ತಮ್ಮದೇ ಎಂಬ ಭಾವವಿದೆ. ಜನ ಮೈದಾನಕ್ಕೆ ಬರುವುದು ಸೋಲು-ಗೆಲುವಿನ ಸಂಭವನೀಯತೆಯನ್ನು ಲೆಕ್ಕ ಹಾಕಿ ಎಂದು ನನಗೆ ಅನ್ನಿಸುವುದಿಲ್ಲ. ತಮ್ಮ ತಂಡ ಗೆಲ್ಲಲಿ ಎಂದು ಬರುತ್ತಾರೆ, ಸೋತರೂ ಬರುತ್ತಾರೆ.

ತಕ್ಕಡಿ:

ಈ ಆಕ್ಷೇಪಣೆಗೆ ತೂಕವಿದೆ. ಪಂದ್ಯವಾರು ಪ್ರೇಕ್ಷಕರ ಸಂಖ್ಯೆಯನ್ನು ಅಳೆದ ಅನೇಕ ಅಧ್ಯಯನಗಳ ಫಲಿತಾಂಶವೂ ಮಿಶ್ರವಾಗಿಯೇ ಇದೆ. ಅನಿಶ್ಚಿತತೆಯನ್ನು ಒಂದೇ ವಸ್ತುವೆಂದು ಭಾವಿಸದೆ ಅದರ ಪದರಗಳನ್ನು ಬಿಡಿಸಿಕೊಂಡರೆ ತೊಡಕು ಸಡಿಲಗೊಳ್ಳುತ್ತದೆ. ಇಂದಿನ ಈ ಪಂದ್ಯವನ್ನು ಯಾರು ಗೆಲ್ಲುತ್ತಾರೆ ಎಂಬುದು ಒಂದು, ಈ ಋತುವಿನ ಪ್ರಶಸ್ತಿ ಯಾರದು ಎಂಬುದು ಇನ್ನೊಂದು, ವರ್ಷವರ್ಷವೂ ಒಬ್ಬರೇ ಗೆಲ್ಲುತ್ತಾರೆಯೇ ಎಂಬುದು ಮತ್ತೊಂದು. ತವರಿನ ಅಭಿಮಾನಿಗೆ ಇಂದಿನ ಪಂದ್ಯ ಸಮಬಲದ್ದಾಗಿರಬೇಕೆಂಬ ಆಸೆಯೇನೂ ಇರುವುದಿಲ್ಲ, ತನ್ನ ತಂಡ ಸುಲಭವಾಗಿ ಗೆದ್ದರೂ ಅವನಿಗೆ ಸಂತೋಷವೇ. ಯಾವ ತಂಡದ ಪರವೂ ಇಲ್ಲದೆ ಮನೆಯಲ್ಲಿ ಟಿವಿ ನೋಡುವವನ ಲೆಕ್ಕ ಬೇರೆ, ಅವನಿಗೆ ಪೈಪೋಟಿಯೇ ಬೇಕು. ಆದಾಯ ಟಿಕೆಟ್‌ನಿಂದ ಟಿವಿಯ ಕಡೆಗೆ ಜರುಗಿದಷ್ಟೂ ಈ ಎರಡನೆಯವನ ಅಭಿರುಚಿಗೆ ಹೆಚ್ಚು ಬೆಲೆ ಬರುತ್ತದೆ.

ಜೊತೆಗೆ ಯುರೋಪಿನ ಲೀಗ್‌ಗಳು ತೆರೆದ ಲೀಗ್‌ಗಳು. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ 20 ತಂಡಗಳಲ್ಲಿ ಕೊನೆಯ ಮೂರು ಪ್ರತಿ ವರ್ಷ ಕೆಳಗಿನ ದರ್ಜೆಗೆ ಇಳಿಯುತ್ತವೆ, ಕೆಳಗಿನಿಂದ ಮೂರು ಮೇಲೇರುತ್ತವೆ. ಹೀಗಾಗಿ ಪ್ರಶಸ್ತಿ ಯಾರದೆಂದು ಮಾರ್ಚ್‌ನಲ್ಲೇ ತೀರ್ಮಾನವಾದರೂ 17 ಮತ್ತು 18ನೆಯ ಸ್ಥಾನದ ನಡುವಿನ ಹೋರಾಟ ಕೊನೆಯ ದಿನದವರೆಗೂ ಉಸಿರು ಬಿಗಿಹಿಡಿದು ನೋಡುವಂಥದ್ದಾಗಿರುತ್ತದೆ. ಅಮೆರಿಕದ ಮುಚ್ಚಿದ ಲೀಗ್‌ಗಳಲ್ಲಿ ಕೊನೆಯ ಸ್ಥಾನಕ್ಕೆ ಶಿಕ್ಷೆಯಿಲ್ಲ, ಬದಲಿಗೆ ಡ್ರಾಫ್ಟ್‌ನ ಬಹುಮಾನವಿದೆ. ಅದರ ಫಲವಾಗಿ ತಂಡಗಳು ಬೇಕೆಂದೇ ಸೋಲುತ್ತಿವೆ ಎಂಬ ಶಂಕೆ ಹುಟ್ಟಿ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 1985ರಲ್ಲಿ ಮೊದಲ ಆಯ್ಕೆಗೆ ಲಾಟರಿ ತಂದಿತು. 2019ರಲ್ಲಿ ಕೊನೆಯ ಮೂರು ತಂಡಗಳಿಗೂ ಶೇ. 14ರಷ್ಟು ಸಮಾನ ಸಂಭವನೀಯತೆ ನಿಗದಿಪಡಿಸಿತು. ಉತ್ತೇಜನವನ್ನು ಎಲ್ಲಿಟ್ಟರೆ ಜನ ಅಲ್ಲಿಗೇ ಓಡುತ್ತಾರೆ ಎಂಬ ಅರ್ಥಶಾಸ್ತ್ರದ ಮೂಲಪಾಠ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣಸಿಗದು.

ತೆರೆದ ಲೀಗಿನ ಅಪಾಯದಿಂದ ಪಾರಾಗಲು ದೊಡ್ಡ ಕ್ಲಬ್‌ಗಳು ಪ್ರಯತ್ನಿಸಿದ್ದನ್ನೂ ಇಲ್ಲಿ ನೆನೆಯಬೇಕು. 2021ರ ಏಪ್ರಿಲ್ 18ರಂದು ಯುರೋಪಿನ 12 ಕ್ಲಬ್‌ಗಳು, ಸ್ಥಾಪಕರು ಎಂದೂ ಹೊರಬೀಳದ ಸೂಪರ್ ಲೀಗ್ ಒಂದನ್ನು ಘೋಷಿಸಿದವು. ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನಗಳಲ್ಲಿ ಅಲ್ಲಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ಗ್ಯಾಲರಿಯವರು ಹೇಳಿದ "ತಮ್ಮದೇ" ಎಂಬ ಭಾವಕ್ಕೆ ಆರ್ಥಿಕ ಬಲವೂ ಇದೆ ಎಂಬುದಕ್ಕೆ ಇದು ಸಾಕ್ಷಿ.

ಹೊಸಹೆಜ್ಜೆ:

ಬಹಳಷ್ಟು ತಿಳಿಯಾಯಿತು. ಈಗ ಆಟಗಾರರ ಹಣದ ವಿಷಯಕ್ಕೆ ಬರುತ್ತೇನೆ. 2017ರಲ್ಲಿ ನೇಮಾರ್ ಅವರಿಗಾಗಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ಬಾರ್ಸಿಲೋನಾಕ್ಕೆ 22.2 ಕೋಟಿ ಯುರೋ ಕೊಟ್ಟಿತು. 2024ರ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ ಅವರ ಬೆಲೆ 27 ಕೋಟಿ ರೂಪಾಯಿಗೆ ಏರಿತು. ಇಷ್ಟು ಹಣಕ್ಕೆ ಒಬ್ಬ ಮನುಷ್ಯ ಅರ್ಹನೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಈ ಸಂಬಳಗಳಿಂದಾಗಿಯೇ ಟಿಕೆಟ್ ದುಬಾರಿಯಾಗುತ್ತಿದೆ ಎಂಬ ಮಾತು ನಿಜವೇ?

ಲೆಕ್ಕಪತ್ರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ಕಾರಣ ಮತ್ತು ಪರಿಣಾಮ ಅದಲುಬದಲಾಗಿವೆ. ಕ್ರೀಡಾಂಗಣದ ಆಸನಗಳ ಸಂಖ್ಯೆ ನಿಗದಿಯಾಗಿದೆ. ಇನ್ನೊಬ್ಬ ಪ್ರೇಕ್ಷಕನನ್ನು ಒಳಗೆ ಬಿಡಲು ತಗಲುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ಹೀಗಿರುವಾಗ ಟಿಕೆಟ್ ಬೆಲೆಯನ್ನು ತೀರ್ಮಾನಿಸುವುದು ಬೇಡಿಕೆಯೇ ಹೊರತು ಸಂಬಳವಲ್ಲ. ನಾಳೆ ಆಟಗಾರರೆಲ್ಲರೂ ಅರ್ಧ ಸಂಬಳಕ್ಕೆ ಒಪ್ಪಿಕೊಂಡರೂ ತುಂಬಿದ ಕ್ರೀಡಾಂಗಣದ ಮಾಲೀಕ ಟಿಕೆಟ್ ಬೆಲೆ ಇಳಿಸುವುದಿಲ್ಲ. ಉಳಿದ ಹಣ ಅವನ ಜೇಬಿಗೆ ಹೋಗುತ್ತದೆ ಅಷ್ಟೇ. ಜನ ಹೆಚ್ಚು ಕೊಡಲು ಸಿದ್ಧರಿರುವುದರಿಂದ ಆಟಗಾರನ ಸೇವೆಗೆ ಬೆಲೆ ಏರುತ್ತದೆ. ಆಟಗಾರನ ಬೆಲೆ ಏರಿದ್ದರಿಂದ ಜನ ಹೆಚ್ಚು ಕೊಡುತ್ತಿಲ್ಲ.

ಇನ್ನು ಅರ್ಹತೆಯ ಪ್ರಶ್ನೆ. ಅರ್ಥಶಾಸ್ತ್ರ ಇಲ್ಲಿ ಕೇಳುವುದು, ಆ ಆಟಗಾರ ಇದ್ದಾಗ ತಂಡಕ್ಕೆ ಬರುವ ಆದಾಯಕ್ಕೂ ಇಲ್ಲದಿದ್ದಾಗ ಬರುವ ಆದಾಯಕ್ಕೂ ಎಷ್ಟು ವ್ಯತ್ಯಾಸ ಎಂದು. ಇದನ್ನೇ ಸೀಮಾಂತ ಆದಾಯ ಎನ್ನುತ್ತಾರೆ. 1981ರಲ್ಲಿ ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸನ್ ತೋರಿಸಿಕೊಟ್ಟಂತೆ, ಒಂದೇ ಪ್ರದರ್ಶನವನ್ನು ಕೋಟ್ಯಂತರ ಜನ ಏಕಕಾಲಕ್ಕೆ ನೋಡಲು ಸಾಧ್ಯವಾದಾಗ ಪ್ರತಿಭೆಯಲ್ಲಿನ ಸಣ್ಣ ಅಂತರ ಗಳಿಕೆಯಲ್ಲಿ ಬೆಟ್ಟದಷ್ಟಾಗುತ್ತದೆ. ಎರಡನೆಯ ಶ್ರೇಷ್ಠ ಆಟಗಾರನ ಹತ್ತು ಪಂದ್ಯಗಳು ಮೊದಲನೆಯವನ ಒಂದು ಪಂದ್ಯಕ್ಕೆ ಬದಲಿಯಾಗುವುದಿಲ್ಲ.

ಆದರೆ ಆಟಗಾರರಿಗೆ ಈ ಪಾಲು ಯಾವಾಗಲೂ ಸಿಗುತ್ತಿರಲಿಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ದಶಕಗಳ ಕಾಲ ಒಂದು ಷರತ್ತಿತ್ತು: ಒಮ್ಮೆ ಒಂದು ಕ್ಲಬ್ಬಿಗೆ ಸಹಿ ಹಾಕಿದವನು ಆ ಕ್ಲಬ್ ಬಿಡುವವರೆಗೆ ಅಥವಾ ಮಾರುವವರೆಗೆ ಅದರ ಸೊತ್ತು. ಕೊಳ್ಳುವವನು ಒಬ್ಬನೇ ಇರುವ ಮಾರುಕಟ್ಟೆಯಲ್ಲಿ ಮಾರುವವನಿಗೆ ಚೌಕಾಸಿಯ ಬಲ ಎಲ್ಲಿಂದ ಬರಬೇಕು? ಬೇಸ್‌ಬಾಲ್ ಅಂತರರಾಜ್ಯ ವಾಣಿಜ್ಯವಲ್ಲ ಎಂದು 1922ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಏಕಸ್ವಾಮ್ಯ ವಿರೋಧಿ ಕಾನೂನೂ ಅನ್ವಯಿಸಲಿಲ್ಲ. ಕರ್ಟ್ ಫ್ಲಡ್ ಎಂಬ ಆಟಗಾರ ತನ್ನನ್ನು ಬೇರೆ ಕ್ಲಬ್ಬಿಗೆ ವರ್ಗಾಯಿಸಿದ್ದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1972ರಲ್ಲಿ ಸೋತರು. ಆ ಷರತ್ತನ್ನು ಮುರಿದದ್ದು 1975ರ ಡಿಸೆಂಬರ್‌ನಲ್ಲಿ ಬಂದ ಮಧ್ಯಸ್ಥಗಾರರ ತೀರ್ಪು. ಅದರ ನಂತರ ಐದು ವರ್ಷಗಳೊಳಗೆ ಸರಾಸರಿ ವೇತನ ಎರಡು ಪಟ್ಟು ಮೀರಿ ಏರಿತು. ಆಟಗಾರರ ಕೌಶಲ ಆ ಅವಧಿಯಲ್ಲಿ ದುಪ್ಪಟ್ಟಾಗಿರಲಿಲ್ಲ. ಅವರು ತಂದ ಆದಾಯದ ಒಂದು ಸಣ್ಣ ಭಾಗವಷ್ಟೇ ಅವರಿಗೆ ಸಿಗುತ್ತಿದೆ ಎಂದು ಅರ್ಥಶಾಸ್ತ್ರಜ್ಞ ಜೆರಾಲ್ಡ್ ಸ್ಕಲ್ಲಿ 1974ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಕ್ರಿಕೆಟ್‌ನಲ್ಲೂ ಇದೇ ಕಥೆ: 1977ರಲ್ಲಿ ಆಸ್ಟ್ರೇಲಿಯಾದ ಟಿವಿ ಉದ್ಯಮಿ ಕೆರ್ರಿ ಪ್ಯಾಕರ್ ಪ್ರಸಾರ ಹಕ್ಕು ಸಿಗದ ಸಿಟ್ಟಿನಲ್ಲಿ ತಮ್ಮದೇ ವಿಶ್ವ ಸರಣಿ ಆರಂಭಿಸಿದಾಗ ಆಟಗಾರರಿಗೆ ಮೊದಲ ಬಾರಿಗೆ ಎರಡನೆಯ ಖರೀದಿದಾರ ಸಿಕ್ಕಿದ. ಯುರೋಪಿನಲ್ಲಿ ಒಪ್ಪಂದ ಮುಗಿದ ಮೇಲೂ ವರ್ಗಾವಣೆ ಶುಲ್ಕ ಕೇಳುವ ಪದ್ಧತಿಯನ್ನು ಬೆಲ್ಜಿಯಂನ ಫುಟ್‌ಬಾಲ್ ಆಟಗಾರ ಜಾನ್-ಮಾರ್ಕ್ ಬೋಸ್ಮನ್ ಪ್ರಶ್ನಿಸಿ 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯದಲ್ಲಿ ಗೆದ್ದರು.

ಹೊಸಹೆಜ್ಜೆ:

ಆಟಗಾರರಿಗೆ ಹೀಗೆ ಬಿಡುಗಡೆ ಸಿಕ್ಕರೆ ಒಳ್ಳೆಯವರೆಲ್ಲ ಶ್ರೀಮಂತ ಕ್ಲಬ್‌ಗಳ ಪಾಲಾಗಿ ಸಮತೋಲನ ಕೆಡುತ್ತದೆ ಎಂದು ಮಾಲೀಕರು ವಾದಿಸಿರಬೇಕಲ್ಲವೇ?

ತಕ್ಕಡಿ:

ನೂರು ವರ್ಷಗಳಿಂದ ಅದನ್ನೇ ವಾದಿಸುತ್ತಿದ್ದಾರೆ. ಇದಕ್ಕೆ ರಾಟೆನ್‌ಬರ್ಗ್ ಕೊಟ್ಟ ಉತ್ತರವೇ ಈ ಶಾಖೆಯ ಅತ್ಯಂತ ಸುಂದರ ತರ್ಕ ಎಂಬುದು ನನ್ನ ಅಭಿಪ್ರಾಯ. ಅದನ್ನು ಒಂದು ಕಲ್ಪಿತ ಲೆಕ್ಕದಿಂದ ನಿಧಾನವಾಗಿ ನೋಡೋಣ.

ಒಬ್ಬ ಆಟಗಾರ ಮಹಾನಗರದ ತಂಡಕ್ಕೆ ವರ್ಷಕ್ಕೆ 10 ಕೋಟಿ ಹೆಚ್ಚುವರಿ ಆದಾಯ ತರಬಲ್ಲ, ಸಣ್ಣ ನಗರದ ತಂಡಕ್ಕೆ 6 ಕೋಟಿ ತರಬಲ್ಲ ಎಂದಿಟ್ಟುಕೊಳ್ಳಿ. ಮೊದಲು, ಹಳೆಯ ಷರತ್ತಿನಂತೆ ಅವನ ಹಕ್ಕು ಸಣ್ಣ ತಂಡದ ಕೈಯಲ್ಲಿದೆ ಎಂದುಕೊಳ್ಳೋಣ. ಅವನನ್ನು ಉಳಿಸಿಕೊಂಡರೆ ಆ ತಂಡಕ್ಕೆ 6 ಕೋಟಿ. 8 ಕೋಟಿಗೆ ಮಹಾನಗರಕ್ಕೆ ಮಾರಿದರೆ ಅದಕ್ಕೆ 2 ಕೋಟಿ ಲಾಭ, ಕೊಂಡವರಿಗೂ 2 ಕೋಟಿ ಲಾಭ. ಆದ್ದರಿಂದ ಮಾರುತ್ತದೆ. ಈಗ ಆಟಗಾರ ಸ್ವತಂತ್ರ ಎಂದುಕೊಳ್ಳಿ. ಸಣ್ಣ ತಂಡ 6 ಕೋಟಿಗಿಂತ ಹೆಚ್ಚು ಕೊಡಲಾರದು, ಮಹಾನಗರ ಕೊಡಬಲ್ಲದು. ಅವನು ಅಲ್ಲಿಗೇ ಹೋಗುತ್ತಾನೆ. ಎರಡೂ ಸಂದರ್ಭಗಳಲ್ಲಿ ಅವನು ಆಡುವುದು ಮಹಾನಗರಕ್ಕೇ. ಬದಲಾದದ್ದು ಹಣ ಯಾರ ಕೈಸೇರಿತು ಎಂಬುದು ಮಾತ್ರ: ಮೊದಲನೆಯದರಲ್ಲಿ ಸಣ್ಣ ತಂಡದ ಮಾಲೀಕನಿಗೆ, ಎರಡನೆಯದರಲ್ಲಿ ಬೆವರು ಸುರಿಸಿದ ಆಟಗಾರನಿಗೆ.

ಇದೇ ಲೆಕ್ಕದಿಂದ ಆದಾಯ ಹಂಚಿಕೆಯನ್ನೂ ಪರೀಕ್ಷಿಸಬಹುದು. ಪ್ರತಿ ತಂಡ ತನ್ನ ಹೆಚ್ಚುವರಿ ಆದಾಯದ ಅರ್ಧವನ್ನು ಸಾಮಾನ್ಯ ನಿಧಿಗೆ ಕೊಡಬೇಕೆಂಬ ನಿಯಮ ಬಂದರೆ, ಅದೇ ಆಟಗಾರ ಮಹಾನಗರಕ್ಕೆ ಸುಮಾರು 5 ಕೋಟಿಯವನಾಗುತ್ತಾನೆ, ಸಣ್ಣ ತಂಡಕ್ಕೆ 3 ಕೋಟಿಯವನಾಗುತ್ತಾನೆ. ಯಾರ ಬಳಿ ಆಡುತ್ತಾನೆ ಎಂಬುದು ಬದಲಾಗಲಿಲ್ಲ, ಅವನಿಗೆ ಸಿಗುವ ಬೆಲೆ ಮಾತ್ರ ಅರ್ಧಕ್ಕಿಳಿಯಿತು. ವಾಸ್ತವದಲ್ಲಿ ವರ್ಗಾವಣೆಯ ತೊಡಕುಗಳು, ನಗದಿನ ಕೊರತೆ, ಗೆಲುವಿನ ಹಂಬಲ ಇವೆಲ್ಲ ಸೇರಿ ಫಲಿತಾಂಶವನ್ನು ಒಂದಿಷ್ಟು ಅತ್ತಿತ್ತ ಮಾಡುತ್ತವೆ. ಸಂಬಳದ ಕಟ್ಟುನಿಟ್ಟಿನ ಮಿತಿಯಂತೂ ಹಂಚಿಕೆಗಿಂತ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. ಆದರೂ "ಸಮತೋಲನ" ಎಂಬ ಪದ ಕೇಳಿದಾಗಲೆಲ್ಲ ಈ 5 ಮತ್ತು 3ರ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಅಂಚಿನವರು:

ಇಲ್ಲಿಯವರೆಗಿನ ಮಾತೆಲ್ಲ ಶಿಖರದಲ್ಲಿರುವವರ ಬಗ್ಗೆಯೇ ಆಯಿತು. ರೋಸನ್ ಹೇಳಿದ ಆ ಬೆಟ್ಟದ ಬುಡದಲ್ಲಿ ನಿಂತವರನ್ನು ಬಿಟ್ಟು ಈ ವಿಷಯವನ್ನು ಹೊಸಬರಿಗೆ ಕಲಿಸುವುದು ಸರಿಯಲ್ಲ. ಟೆನಿಸ್‌ನಂತಹ ಆಟದಲ್ಲಿ ಪ್ರಯಾಣ, ತರಬೇತಿ, ವೈದ್ಯಕೀಯ ವೆಚ್ಚವನ್ನು ಆಟಗಾರನೇ ಭರಿಸಬೇಕು. ಬಹುಮಾನದ ಹಣವಾದರೋ ಕೊನೆಯ ಸುತ್ತುಗಳಲ್ಲಿ ಗುಡ್ಡೆಯಾಗಿರುತ್ತದೆ. ಹೀಗೆ ಮೇಲಕ್ಕೆ ಕಡಿದಾಗಿ ಏರುವ ಬಹುಮಾನ ಎಲ್ಲರಿಂದಲೂ ಹೆಚ್ಚು ಶ್ರಮವನ್ನು ಹೊರಡಿಸುತ್ತದೆ ಎಂಬುದು ಸಿದ್ಧಾಂತದ ಸಮರ್ಥನೆ. ಆದರೆ ಮಧ್ಯದ ಮೆಟ್ಟಿಲಲ್ಲಿರುವವನು ಮೊಣಕಾಲು ನೋಯಿಸಿಕೊಂಡ ದಿನವೇ ಆಟ ಬಿಡಬೇಕಾದರೆ ಮುಂದಿನ ತಲೆಮಾರಿನ ಪ್ರತಿಭೆ ಹಣವಿದ್ದ ಮನೆಗಳಿಂದಷ್ಟೇ ಬರುತ್ತದೆ. ಇದು ಕರುಣೆಯ ಪ್ರಶ್ನೆಯಷ್ಟೇ ಅಲ್ಲ, ಪೂರೈಕೆಯ ಪ್ರಶ್ನೆಯೂ ಹೌದು.

ಮಹಿಳಾ ಕ್ರೀಡೆಯ ಬಗ್ಗೆ "ನೋಡುವವರೇ ಇಲ್ಲ, ಆದ್ದರಿಂದ ಹಣವಿಲ್ಲ" ಎಂದು ಬೇಡಿಕೆ-ಪೂರೈಕೆಯ ಹೆಸರಿನಲ್ಲಿ ಹೇಳುವವರಿಗೆ ಒಂದು ಘಟನೆಯನ್ನು ತಿಳಿಸಬಯಸುತ್ತೇನೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್, ಕೆರ್ ಕಾರ್ಖಾನೆಯ ಮಹಿಳಾ ಫುಟ್‌ಬಾಲ್ ತಂಡದ ಪಂದ್ಯ ನೋಡಲು ಸುಮಾರು 53,000 ಜನ ಸೇರಿದ್ದರು. ಒಳಗೆ ಜಾಗ ಸಿಗದೆ ಸಾವಿರಾರು ಜನ ಹೊರಗುಳಿದರು. ಮರುವರ್ಷ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರು ಆಡುವುದನ್ನು ನಿಷೇಧಿಸಿತು. ಆ ನಿಷೇಧ ಸುಮಾರು 50 ವರ್ಷ ಉಳಿಯಿತು. ಬೇಡಿಕೆ ಇಲ್ಲದೆ ಆ ಮಾರುಕಟ್ಟೆ ಬಡವಾದದ್ದಲ್ಲ, ಪೂರೈಕೆಯ ಬಾಗಿಲನ್ನು ಹೊರಗಿನಿಂದ ಮುಚ್ಚಲಾಗಿತ್ತು. ಮೈದಾನ, ತರಬೇತಿ, ಟಿವಿಯ ಒಳ್ಳೆಯ ವೇಳೆ ಯಾವುದೂ ಸಿಗದ ಐವತ್ತು ವರ್ಷಗಳ ನಂತರದ ಪ್ರೇಕ್ಷಕರ ಸಂಖ್ಯೆಯನ್ನು "ಸಹಜ ಬೇಡಿಕೆ" ಎಂದು ಅಳೆಯುವುದು ಲೆಕ್ಕದ ದೋಷ. ಅಮೆರಿಕನ್ ಓಪನ್ ಟೆನಿಸ್ 1973ರಲ್ಲೇ ಸಮಾನ ಬಹುಮಾನ ಕೊಟ್ಟಿತು, ವಿಂಬಲ್ಡನ್ 2007ರವರೆಗೆ ಕಾಯಿಸಿತು. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾದಾಗ ಐದು ತಂಡಗಳು ಒಟ್ಟು 4,669.99 ಕೋಟಿ ರೂಪಾಯಿಗೆ ಮಾರಾಟವಾದವು. ಹೂಡಿದವರು ದಾನ ಮಾಡಲಿಲ್ಲ, ಬಹುಕಾಲ ಮುಚ್ಚಿದ್ದ ಬಾಗಿಲ ಹಿಂದೆ ಏನಿದೆ ಎಂಬುದಕ್ಕೆ ಬೆಲೆ ಕಟ್ಟಿದರು.

ಗ್ಯಾಲರಿ:

ಅಂಚಿನವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಪ್ರಸಾರ ಹಕ್ಕಿನ ಬಗ್ಗೆ ಇನ್ನೂ ಯಾರೂ ವಿವರವಾಗಿ ಬರೆದಿಲ್ಲ, ಇಂದಿನ ಹಣದ ಮೂಲವೇ ಅದಲ್ಲವೇ?

ಲೆಕ್ಕಪತ್ರ:

ಹೌದು. ಐಪಿಎಲ್‌ನ 2018ರಿಂದ 2022ರವರೆಗಿನ ಮಾಧ್ಯಮ ಹಕ್ಕು 16,347.5 ಕೋಟಿ ರೂಪಾಯಿಗೆ ಹೋಗಿತ್ತು. 2023ರಿಂದ 2027ರವರೆಗಿನದು 48,390 ಕೋಟಿಗೆ ಏರಿತು. ಆ ಅವಧಿಗೆ ಎಣಿಸಿದ 410 ಪಂದ್ಯಗಳಿಂದ ಭಾಗಿಸಿದರೆ ಒಂದು ಪಂದ್ಯಕ್ಕೆ ಸುಮಾರು 118 ಕೋಟಿ. ಈ ಏರಿಕೆಗೆ ಆಟದ ಜನಪ್ರಿಯತೆಯೊಂದೇ ಕಾರಣವಲ್ಲ. 2022ರ ಹರಾಜಿನಲ್ಲಿ ಟಿವಿ ಮತ್ತು ಡಿಜಿಟಲ್ ಹಕ್ಕುಗಳನ್ನು ಬೇರೆ ಬೇರೆಯಾಗಿ ಮಾರಿದ್ದರಿಂದ ಎರಡು ಬಗೆಯ ಖರೀದಿದಾರರು ಪೈಪೋಟಿಗಿಳಿದರು. ನೇರ ಪ್ರಸಾರದ ಕ್ರೀಡೆ ಮರುದಿನಕ್ಕೆ ಹಳಸುವ ಸರಕು. ಆದ್ದರಿಂದಲೇ ಜನ ಅದನ್ನು ಜಾಹೀರಾತು ಸಮೇತ ಆ ಕ್ಷಣದಲ್ಲೇ ನೋಡುತ್ತಾರೆ, ಮತ್ತು ಅದಕ್ಕಾಗಿಯೇ ಚಂದಾದಾರರಾಗುತ್ತಾರೆ. ಇಂತಹ ಹರಾಜಿನಲ್ಲಿ ಒಂದು ಅಪಾಯವೂ ಉಂಟು. ಸರಕಿನ ನಿಜವಾದ ಮೌಲ್ಯ ಯಾರಿಗೂ ಖಚಿತವಾಗಿ ಗೊತ್ತಿಲ್ಲದಾಗ, ಎಲ್ಲರಿಗಿಂತ ಹೆಚ್ಚು ಆಶಾವಾದಿಯಾಗಿ ಅಂದಾಜಿಸಿದವನೇ ಗೆಲ್ಲುತ್ತಾನೆ. ಅನೇಕ ವೇಳೆ ಅವನು ಅಗತ್ಯಕ್ಕಿಂತ ಹೆಚ್ಚು ತೆತ್ತಿರುತ್ತಾನೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ವಿಜೇತನ ಶಾಪ ಎಂಬ ಹೆಸರಿದೆ.

ಬಂದ ಹಣವನ್ನು ಹಂಚುವ ಬಗೆಯೇ ಲೀಗಿನ ಸ್ವರೂಪವನ್ನು ತೀರ್ಮಾನಿಸುತ್ತದೆ. ಪ್ರೀಮಿಯರ್ ಲೀಗ್ ತನ್ನ ದೇಶೀಯ ಪ್ರಸಾರ ಆದಾಯದ ಅರ್ಧವನ್ನು 20 ಕ್ಲಬ್‌ಗಳಿಗೆ ಸಮನಾಗಿ, ಕಾಲುಭಾಗವನ್ನು ಅಂಕಪಟ್ಟಿಯ ಸ್ಥಾನದ ಮೇಲೆ, ಉಳಿದ ಕಾಲುಭಾಗವನ್ನು ಎಷ್ಟು ಪಂದ್ಯಗಳು ಟಿವಿಯಲ್ಲಿ ಬಂದವು ಎಂಬುದರ ಮೇಲೆ ಹಂಚುವ ಸೂತ್ರ ಇಟ್ಟುಕೊಂಡಿತು. ಸ್ಪೇನ್‌ನಲ್ಲಿ ಪ್ರತಿ ಕ್ಲಬ್ ತನ್ನ ಹಕ್ಕನ್ನು ತಾನೇ ಮಾರುತ್ತಿತ್ತು. ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಸಿಂಹಪಾಲು ಪಡೆಯುತ್ತಿದ್ದವು. 2015ರಲ್ಲಿ ಸರ್ಕಾರವೇ ಸುಗ್ರೀವಾಜ್ಞೆಯ ಮೂಲಕ ಒಟ್ಟಾಗಿ ಮಾರುವ ಪದ್ಧತಿಯನ್ನು ಕಡ್ಡಾಯಗೊಳಿಸಬೇಕಾಯಿತು.

ಹೊಸಹೆಜ್ಜೆ:

ದೊಡ್ಡ ಕ್ರೀಡಾಕೂಟ ನಡೆಸಿದರೆ ನಗರಕ್ಕೆ ಸಾವಿರಾರು ಕೋಟಿ ಲಾಭ ಎಂದು ಓದುತ್ತಿರುತ್ತೇವೆ. ಅದನ್ನು ಎಷ್ಟು ನಂಬಬಹುದು?

ತಕ್ಕಡಿ:

ಬಹಳ ಕಡಿಮೆ. ಅರ್ಥಶಾಸ್ತ್ರಜ್ಞರ ನಡುವೆ ಇಷ್ಟು ಒಮ್ಮತವಿರುವ ವಿಷಯಗಳು ವಿರಳ. ಅಂತಹ ಅಂದಾಜುಗಳು ಸಾಮಾನ್ಯವಾಗಿ ಮೂರು ಕಡೆ ಎಡವುತ್ತವೆ. ನಗರದ ನಿವಾಸಿ ಪಂದ್ಯದ ಟಿಕೆಟ್‌ಗೆ ಖರ್ಚು ಮಾಡಿದ ಹಣ ಹೊಸದಾಗಿ ಹುಟ್ಟಿದ್ದಲ್ಲ. ಅದೇ ಹಣವನ್ನು ಅವನು ಅದೇ ಊರಿನ ನಾಟಕಕ್ಕೋ ಸಿನಿಮಾಕ್ಕೋ ಖರ್ಚು ಮಾಡುತ್ತಿದ್ದ. ಹೊರಗಿನಿಂದ ಬಂದ ಪ್ರೇಕ್ಷಕರು, ಗದ್ದಲ ಮತ್ತು ದುಬಾರಿ ಬಾಡಿಗೆಗೆ ಅಂಜಿ ಬಾರದೆ ಉಳಿದ ಸಾಮಾನ್ಯ ಪ್ರವಾಸಿಗರ ಜಾಗವನ್ನು ತುಂಬುತ್ತಾರೆ. ಗಳಿಕೆಯ ದೊಡ್ಡ ಭಾಗ ಅಂತರರಾಷ್ಟ್ರೀಯ ಸಂಸ್ಥೆಗಳಿಗೆ, ಹೊರಗಿನ ಹೋಟೆಲ್ ಸರಪಳಿಗಳಿಗೆ, ಬೇರೆಡೆ ನೆಲೆಸಿರುವ ಆಟಗಾರರಿಗೆ ಹರಿದುಹೋಗುತ್ತದೆ. ಇವೆಲ್ಲದರ ಮೇಲೆ ಅವಕಾಶ ವೆಚ್ಚವಿದೆ: ಅದೇ ಸಾರ್ವಜನಿಕ ಹಣದಲ್ಲಿ ಕಟ್ಟಬಹುದಾಗಿದ್ದ ಶಾಲೆ, ಒಳಚರಂಡಿ, ಬಸ್ಸು.

ಮಾಂಟ್ರಿಯಲ್ 1976ರ ಒಲಿಂಪಿಕ್ಸ್‌ಗಾಗಿ ಮಾಡಿದ ಕ್ರೀಡಾಂಗಣದ ಸಾಲವನ್ನು ತೀರಿಸಿದ್ದು 2006ರಲ್ಲಿ. ಆ ಆಟಗಳ ವರ್ಷ ಹುಟ್ಟಿದ ಮಗು ಮೂವತ್ತು ತುಂಬಿದ ತೆರಿಗೆದಾರನಾಗಿ ಅದರ ಕೊನೆಯ ಕಂತಿಗೂ ಹೆಗಲು ಕೊಟ್ಟಿರಬಹುದು. ಬ್ರೆಜಿಲ್ 2014ರ ವಿಶ್ವಕಪ್‌ಗಾಗಿ ಅಮೆಜಾನ್ ಕಾಡಿನ ನಡುವಿನ ಮನಾಸ್‌ನಲ್ಲಿ 40,000ಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ ಕಟ್ಟಿತು. ಉನ್ನತ ದರ್ಜೆಯ ಕ್ಲಬ್ ಒಂದೂ ಇರದ ಆ ನಗರದಲ್ಲಿ ವಿಶ್ವಕಪ್‌ನ ನಾಲ್ಕು ಪಂದ್ಯಗಳು ನಡೆದವು. ಆಮೇಲೆ ಉಳಿದದ್ದು ನಿರ್ವಹಣೆಯ ಖರ್ಚಿನ ಬಿಳಿಯಾನೆ.

ಲಾಸ್ ಏಂಜಲೀಸ್ 1984ರಲ್ಲಿ 20 ಕೋಟಿ ಡಾಲರ್‌ಗೂ ಮೀರಿ ಮಿಗಿಸಿದ್ದನ್ನು ಎಲ್ಲರೂ ಎತ್ತಿಹೇಳುತ್ತಾರೆ. ಅದರ ಕಾರಣವನ್ನು ಮಾತ್ರ ಹೇಳುವುದಿಲ್ಲ. ಮಾಂಟ್ರಿಯಲ್‌ನ ಗತಿ ನೋಡಿ ಬೇರೆ ನಗರಗಳು ಹಿಂಜರಿದಿದ್ದರಿಂದ ಆಗ ಎದುರಾಳಿ ಬಿಡ್ಡುದಾರರೇ ಉಳಿದಿರಲಿಲ್ಲ. ಷರತ್ತು ಹಾಕುವ ಬಲ ನಗರದ ಕೈಯಲ್ಲಿತ್ತು, ಮುಖ್ಯ ಕ್ರೀಡಾಂಗಣ 1932ರ ಒಲಿಂಪಿಕ್ಸ್‌ಗೆ ಬಳಸಿದ್ದೇ ಆಗಿತ್ತು. ಒಲಿಂಪಿಕ್ ಸಮಿತಿಯಂತೆ ಮಾರುವವನು ಒಬ್ಬನೇ ಇದ್ದು, ಕೊಳ್ಳುವ ನಗರಗಳು ಹಲವಿದ್ದರೆ ಲಾಭವೆಲ್ಲ ಮಾರುವವನಿಗೆ ಹೋಗುತ್ತದೆ. 2024ರ ಆಟಗಳ ಸ್ಪರ್ಧೆಯಿಂದ ಬಾಸ್ಟನ್, ಹ್ಯಾಂಬರ್ಗ್, ರೋಮ್, ಬುಡಾಪೆಸ್ಟ್ ಒಂದರ ಹಿಂದೆ ಒಂದು ಹಿಂದೆ ಸರಿದಾಗ ಪ್ಯಾರಿಸ್‌ಗೆ 2024, ಲಾಸ್ ಏಂಜಲೀಸ್‌ಗೆ 2028 ಎಂದು ಒಲಿಂಪಿಕ್ ಸಮಿತಿ 2017ರಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟುಬಿಟ್ಟಿತು.

ಇದರರ್ಥ ಕ್ರೀಡಾಂಗಣ ಕಟ್ಟಲೇಬಾರದು ಎಂದಲ್ಲ. ಜನರಿಗೆ ಸಂತೋಷ, ಹೆಮ್ಮೆ ಬೇಕಿದ್ದರೆ ಅದಕ್ಕೆ ಸಾರ್ವಜನಿಕ ಹಣ ಕೊಡುವುದು ಒಂದು ನ್ಯಾಯವಾದ ಆಯ್ಕೆಯೇ. ಹಬ್ಬಕ್ಕೆ ಖರ್ಚು ಮಾಡುತ್ತಿದ್ದೇವೆ ಎಂದು ಹೇಳಿ ಮಾಡಬೇಕು. ಹೂಡಿಕೆ ಎಂದು ಹೇಳಿ ಮಾಡಬಾರದು.

ಗ್ಯಾಲರಿ:

ಯುರೋಪಿನ ಕ್ಲಬ್‌ಗಳಿಗೆ ಇಷ್ಟೆಲ್ಲ ಹಣ ಬಂದರೂ ಅವು ಸಾಲದಲ್ಲೇ ಇರುವುದೇಕೆ?

ಲೆಕ್ಕಪತ್ರ:

ಅವು ಲಾಭಕ್ಕಾಗಿ ಆಡುತ್ತಿಲ್ಲ, ಗೆಲುವಿಗಾಗಿ ಆಡುತ್ತಿವೆ ಎಂದು ಅರ್ಥಶಾಸ್ತ್ರಜ್ಞ ಪೀಟರ್ ಸ್ಲೋನ್ 1971ರಲ್ಲೇ ವಾದಿಸಿದ್ದರು. ಒಂದು ಕ್ಲಬ್ ಮೇಲೇರಬೇಕಾದರೆ ಇನ್ನೊಂದು ಕೆಳಗಿಳಿಯಲೇಬೇಕು; ಆದ್ದರಿಂದ ಪ್ರತಿಯೊಂದೂ ಪಕ್ಕದವನಿಗಿಂತ ಸ್ವಲ್ಪ ಹೆಚ್ಚು ಸಂಬಳ ಕೊಡುತ್ತದೆ, ಎಲ್ಲರೂ ಹಾಗೆ ಮಾಡಿದಾಗ ಅಂಕಪಟ್ಟಿ ಇದ್ದಲ್ಲೇ ಇದ್ದು ಖರ್ಚು ಮಾತ್ರ ಏರುತ್ತದೆ. ಕಡಿಮೆ ಹಣದಲ್ಲಿ ಗೆಲ್ಲುವ ದಾರಿ ಇಲ್ಲವೆಂದಲ್ಲ. 2002ರಲ್ಲಿ ಬೇಸ್‌ಬಾಲ್‌ನ ಓಕ್ಲ್ಯಾಂಡ್ ತಂಡ ಸುಮಾರು 4 ಕೋಟಿ ಡಾಲರ್ ಸಂಬಳದಲ್ಲಿ, ಸುಮಾರು 12.5 ಕೋಟಿ ಖರ್ಚು ಮಾಡಿದ ನ್ಯೂಯಾರ್ಕ್ ಯಾಂಕೀಸ್‌ನಷ್ಟೇ, ಅಂದರೆ 103 ಪಂದ್ಯಗಳನ್ನು ಗೆದ್ದಿತು. ಇತರರು ಕಡೆಗಣಿಸಿದ್ದ ಅಂಕಿಅಂಶಗಳನ್ನು ಅದು ಬೆಲೆಯೊಂದಿಗೆ ಹೋಲಿಸಿ ನೋಡಿತ್ತು. ಆದರೆ ಗುಟ್ಟು ತಿಳಿದ ಮೇಲೆ ಎಲ್ಲರೂ ಅದನ್ನೇ ಕೊಳ್ಳತೊಡಗುತ್ತಾರೆ.

ಹೊಸಹೆಜ್ಜೆಯವರಿಗೆ ಒಂದು ಕೆಲಸ ಸೂಚಿಸುತ್ತೇನೆ. ಯಾವುದಾದರೂ ದೊಡ್ಡ ಕ್ಲಬ್ಬಿನ ವಾರ್ಷಿಕ ಲೆಕ್ಕಪತ್ರವನ್ನು ತೆರೆದು ಎರಡು ಸಾಲುಗಳನ್ನು ಹುಡುಕಿ. ಮೊದಲನೆಯದು ಆದಾಯದಲ್ಲಿ ಸಂಬಳದ ಪಾಲು. ಸಂಬಳ, ವರ್ಗಾವಣೆ, ಏಜೆಂಟರ ಶುಲ್ಕ ಸೇರಿ ಆದಾಯದ ಶೇ. 70ನ್ನು ಮೀರಬಾರದು ಎಂಬುದು ಯುರೋಪಿನ ಫುಟ್‌ಬಾಲ್ ಒಕ್ಕೂಟ ಹಂತಹಂತವಾಗಿ 2025-26ಕ್ಕೆ ತಂದ ಮಿತಿ. ನಿಮ್ಮ ಕ್ಲಬ್ ಅದರ ಯಾವ ಬದಿಯಲ್ಲಿದೆ ನೋಡಿ. ಎರಡನೆಯದು ವರ್ಗಾವಣೆ ಶುಲ್ಕದ ವಾರ್ಷಿಕ ಕಂತು. 100 ಕೋಟಿಗೆ ಕೊಂಡ ಆಟಗಾರನ ಒಪ್ಪಂದ ಐದು ವರ್ಷದ್ದಾದರೆ ಪುಸ್ತಕದಲ್ಲಿ ವರ್ಷಕ್ಕೆ 20 ಕೋಟಿ ಮಾತ್ರ ಖರ್ಚಾಗಿ ಕಾಣುತ್ತದೆ; ಎರಡು ವರ್ಷಗಳ ನಂತರ ಅವನ ಪುಸ್ತಕ ಮೌಲ್ಯ 60 ಕೋಟಿ; ಆಗ 70 ಕೋಟಿಗೆ ಮಾರಿದರೆ, ಕೊಂಡ ಬೆಲೆಗಿಂತ 30 ಕೋಟಿ ಕಡಿಮೆಗೆ ಮಾರಿದ್ದರೂ, ಲೆಕ್ಕದಲ್ಲಿ 10 ಕೋಟಿ ಲಾಭ ಎಂದು ಬರುತ್ತದೆ. ಕೆಲವರು ಎಂಟು ವರ್ಷಗಳ ಒಪ್ಪಂದ ಮಾಡಿ ಈ ಕಂತನ್ನು ಇನ್ನಷ್ಟು ತೆಳುವಾಗಿಸತೊಡಗಿದ್ದರಿಂದ ಒಕ್ಕೂಟ 2023ರಲ್ಲಿ ಕಂತು ಹಂಚುವ ಅವಧಿಗೆ ಐದು ವರ್ಷಗಳ ಮಿತಿ ಹಾಕಿತು. ನೀವು ಆರಿಸಿಕೊಂಡ ಕ್ಲಬ್ಬಿನ ಈ ಎರಡು ಸಾಲುಗಳನ್ನು ಇಲ್ಲಿ ಬರೆದರೆ ಅವನ್ನು ಎಲ್ಲರೂ ಸೇರಿ ಓದಬಹುದು.